ಹುಟ್ಟಿನ ಬೋನಸ್

ಈ ಸಲದ ಸಂಚಿಕೆಗೆ ಒಂದು ಆಟವನ್ನು ಕುರಿತು ಬರೆಯುತ್ತೇನೆಂದಾಗ ಮಿತ್ರರು ನಕ್ಕರು. ಹಾಕಿಯೋ ಕಬಡ್ಡಿಯೋ ಆಗಿದ್ದರೆ ಅವರು ನಗುತ್ತಿರಲಿಲ್ಲ. ನಾನು ಹೇಳಹೊರಟಿರುವುದು ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಕಥೆ ಕಟ್ಟುತ್ತ ಆಡುವ ಒಂದು ಆಟದ ಮಾತು. ಅದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು 1974ರಲ್ಲಿ ಹೊರತಂದರು. ನಮ್ಮ ವಿದ್ಯಾರ್ಥಿನಿಲಯಕ್ಕೆ ಅದು ಬಂದುದು ಕಳೆದ ವರ್ಷ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಸಹಪಾಠಿಯೊಬ್ಬನ ಅಣ್ಣ ಕೊಟ್ಟ ಹಳೆಯ ಪುಸ್ತಕವೊಂದರ ರೂಪದಲ್ಲಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾವು ಐದು ಮಂದಿ ಅದನ್ನು ಆಡುತ್ತೇವೆ.

ತಾಳಮದ್ದಳೆಯನ್ನು ಕಂಡವರಿಗೆ ಈ ಆಟದ ರೀತಿ ಬೇಗ ತಿಳಿದೀತು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಯೇ ಒಂದೊಂದು ಪಾತ್ರವಾಗಿ ಮಾತನಾಡಬೇಕು. ವ್ಯತ್ಯಾಸವಿಷ್ಟೆ: ತಾಳಮದ್ದಳೆಯಲ್ಲಿ ಕೊನೆಗೆ ಕರ್ಣ ಬೀಳುತ್ತಾನೆಂದು ಎಲ್ಲರಿಗೂ ಗೊತ್ತು, ಇಲ್ಲಿ ಬೀಳುವವರು ಯಾರೆಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಪ್ರತಿಯೊಂದು ಪಾತ್ರಕ್ಕೂ ಆರು ಗುಣಗಳಿಗೆ ಅಂಕಗಳಿರುತ್ತವೆ. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಮೂಲ ನಿಯಮದಂತೆ ಮೂರು ದಾಳ ಉರುಳಿಸಿ ಒಂದೊಂದಕ್ಕೂ ಅಂಕ ಪಡೆಯಬೇಕು. ತೀರ ಕೆಟ್ಟರೆ 3, ತೀರ ಒಲಿದರೆ 18.

ನನ್ನ ತಕರಾರು ಇರುವುದು ಇದಾದ ಮೇಲಿನ ಹೆಜ್ಜೆಯ ವಿಷಯದಲ್ಲಿ. ಪಾತ್ರ ಯಾವ ಕುಲದ್ದು ಎಂಬುದನ್ನು ಆರಿಸಿಕೊಳ್ಳಬೇಕು. ಅಲ್ಲಿ ಎಲ್ಫರೆಂಬ ತೆಳ್ಳನೆಯ ವನವಾಸಿಗಳಿದ್ದಾರೆ, ಡ್ವಾರ್ಫರೆಂಬ ಗಿಡ್ಡ ಗಟ್ಟಿಗರಿದ್ದಾರೆ, ನೋಮರೆಂಬ ಪುಟ್ಟ ಜಾಣರಿದ್ದಾರೆ, ಓರ್ಕರೆಂಬ ಒರಟು ಜನರಿದ್ದಾರೆ. ನಮ್ಮಲ್ಲಿರುವ 2014ರ ಪುಸ್ತಕದ ಪ್ರಕಾರ ಎಲ್ಫನಾಗಿ ಹುಟ್ಟಿದರೆ ಚುರುಕಿಗೆ 2 ಅಂಕ ಹೆಚ್ಚು. ಡ್ವಾರ್ಫನಾದರೆ ತಾಳಿಕೆಗೆ 2. ನೋಮನಾದರೆ ಬುದ್ಧಿಗೆ 2. ಅರ್ಧ ಓರ್ಕನಾದರೆ ಬಲಕ್ಕೆ 2, ತಾಳಿಕೆಗೆ 1. ಇದನ್ನು ಬೋನಸ್ ಎನ್ನುತ್ತಾರೆ. ಕಾರ್ಖಾನೆಯ ಬೋನಸಾದರೂ ವರ್ಷವಿಡೀ ದುಡಿದ ಮೇಲೆ ಬರುತ್ತದೆ. ಇದು ತೊಟ್ಟಿಲಿಗೇ ಬರುವ ಬೋನಸ್. ಇದಕ್ಕೂ ಹಿಂದಿನ ಪುಸ್ತಕಗಳು ಇನ್ನೂ ಕಠಿಣವಾಗಿದ್ದವು. 2000ದ ಆವೃತ್ತಿಯಲ್ಲಿ ಅರ್ಧ ಓರ್ಕನಿಗೆ ಬಲಕ್ಕೆ ಎರಡು ಕೂಡಿ, ಬುದ್ಧಿಗೆ ಎರಡು, ವರ್ಚಸ್ಸಿಗೆ ಎರಡು ಕಳೆಯುತ್ತಿದ್ದರು.

ನಾನು ಆರಿಸಿದ್ದು ಮಂತ್ರವಿದ್ಯೆ ಕಲಿಯಹೊರಟ ಒಬ್ಬ ಅರ್ಧ ಓರ್ಕನನ್ನು. ಮಂತ್ರವಾದಿಗೆ ಬೇಕಾದುದು ಬುದ್ಧಿಯ ಅಂಕ. "ಅಲ್ಲ ಮಾರಾಯ, ಆ ಜಾತಿಗೆ ಓದು ಹೊಂದುವುದಿಲ್ಲ. ಸುಮ್ಮನೆ ಕೊಡಲಿ ಕೊಟ್ಟು ಮುಂದೆ ನಿಲ್ಲಿಸು," ಎಂದ ಆಟ ನಡೆಸುತ್ತಿದ್ದ ಗೆಳೆಯ. (ನಾನು ಕೊಡ್ಲಿಪೇಟೆಯವನಾದ್ದರಿಂದ ಕೊಡಲಿಯ ಮಾತಿಗೆ ಇನ್ನೊಂದು ನಗೆಯೂ ಎದ್ದಿತು.) ಅವನು ಹೇಳಿದ್ದು ಆಟದ ಲೆಕ್ಕವನ್ನು ಮಾತ್ರ. ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲವೆಂದು ಬಲ್ಲೆ. ಆದರೆ ಅದೇ ವಾಕ್ಯವನ್ನು ಆಟದ ಹೊರಗೆ, ಓರ್ಕನನ್ನು ಕುರಿತಲ್ಲದೆ, ಕೇಳಿಸಿಕೊಂಡು ಬೆಳೆದ ಕಿವಿಗಳು ಈ ಕಾಲೇಜಿನಲ್ಲಿ ನನ್ನವೆರಡೇ ಅಲ್ಲ.

ಲೆಕ್ಕವನ್ನೇ ನೋಡೋಣ. ಎರಡು ಅಂಕವೆಂದರೆ ಇಪ್ಪತ್ತು ಮುಖದ ದಾಳದಲ್ಲಿ ಒಂದು ಮುಖ. ನೂರಕ್ಕೆ ಐದರಷ್ಟು ಅನುಕೂಲ. ಮೂರು ದಾಳಗಳು ಒಂದೇ ಕುಲದ ಇಬ್ಬರ ನಡುವೆ ತರಬಹುದಾದ ಅಂತರ 15. ಕುಲ ತರುವ ಅಂತರ 2. ಮಂದಬುದ್ಧಿಯ ನೋಮನೂ ಇರಬಹುದು, ಮೇಧಾವಿ ಓರ್ಕನೂ ಇರಬಹುದೆಂದು ದಾಳವೇ ಸಾರುತ್ತದೆ. ಹಾಗಿದ್ದರೂ ಮಂತ್ರವಾದಿ ಬೇಕೆಂದವರೆಲ್ಲ ನೋಮನನ್ನೇ ಹಿಡಿಯುತ್ತಾರೆ, ಕೊಡಲಿ ಬೇಕೆಂದವರೆಲ್ಲ ಓರ್ಕನನ್ನೇ ಹಿಡಿಯುತ್ತಾರೆ. ಹತ್ತು ಸಲ ಆಡುವುದರೊಳಗೆ ಓದಿದ ಓರ್ಕನನ್ನು ಯಾರೂ ಕಂಡಿರುವುದಿಲ್ಲ. ಕಾಣದಿದ್ದುದರಿಂದ, ಓರ್ಕರು ಓದುವವರಲ್ಲ ಎಂಬುದು ಆ ಮೇಜಿನ ಅನುಭವಸಿದ್ಧ ಸತ್ಯವಾಗಿಬಿಡುತ್ತದೆ! ನಿಯಮವು ತನ್ನ ಸಾಕ್ಷಿಯನ್ನು ತಾನೇ ಹುಟ್ಟಿಸಿಕೊಳ್ಳುವ ಈ ಬಗೆ ನನಗೆ ಆಟಕ್ಕಿಂತ ದೊಡ್ಡ ವಿಷಯವಾಗಿ ಕಂಡಿತು. ಕೊಡಗಿನಲ್ಲಿ ಹುಟ್ಟಿದವರಿಗೆ ಅದು ಹಾಗೆ ಕಾಣಲು ವಿಶೇಷ ಕಾರಣವೂ ಇದೆ.

ಘಟ್ಟದ ಕೆಳಗೋ ಮೈಸೂರಿನಲ್ಲೋ "ಯಾವ ಊರು?" ಎಂದು ಕೇಳಿದಾಗ "ಕೊಡಗು" ಎಂದರೆ ಸಾಕು, ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ: "ಓಹೋ, ಹಾಗಾದರೆ ಮಿಲಿಟರಿಗೆ ಸೇರುವುದಿಲ್ಲವೆ? ಮನೆಯಲ್ಲಿ ಕೋವಿ ಇದೆಯೆ?" ಕೊಡ್ಲಿಪೇಟೆ ಕೊಡಗಿನ ಉತ್ತರದ ತುದಿ, ದಾಟಿದರೆ ಹಾಸನ ಜಿಲ್ಲೆ. ನಮ್ಮ ಕಡೆ ಮನೆಮಾತು ಕನ್ನಡ; ಲಿಂಗಾಯತರು, ಒಕ್ಕಲಿಗರು, ಮುಸಲ್ಮಾನರು, ದಲಿತರು ಕೂಡಿ ಬಾಳುವ ಸೀಮೆ. ಕೊಡವರ ಐನ್‌ಮನೆಗಳನ್ನು ನಮ್ಮಲ್ಲಿ ಹಲವರು ನೋಡಿರುವುದು ಮಡಿಕೇರಿಯ ಕಡೆಗೆ ಹೋದಾಗ ಮಾತ್ರ. ಆದರೆ ಕೇಳುವವರಿಗೆ ಇದೆಲ್ಲ ಬೇಡ. ಅವರ ಪುಸ್ತಕದಲ್ಲಿ ಕೊಡಗಿನವನಿಗೆ ಬಲ 2, ತಾಳಿಕೆ 1 ಎಂದು ಬರೆದಾಗಿದೆ. ನಾನು ಯಾವ ಕುಲದವನೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ವಾಚಕರೂ ಅಂಕ ಹಾಕಲು ತೊಡಗಿಯಾರು!

ಈ ಪುಸ್ತಕವನ್ನು ಬರೆದವರಾರು? ಇತಿಹಾಸದ ವಿದ್ಯಾರ್ಥಿಯಾಗಿ ನಾನು ಕೊಡಬಹುದಾದ ಉತ್ತರವೊಂದಿದೆ. 1857ರ ದಂಗೆಯ ತರುವಾಯ ಬ್ರಿಟಿಷ್ ಸೇನಾಧಿಕಾರಿಗಳು ಹಿಂದೂಸ್ಥಾನದ ಜನರನ್ನು ಯೋಧ ಕುಲಗಳೆಂದೂ ಅಲ್ಲದವರೆಂದೂ ವಿಂಗಡಿಸಿದರು. 1885ರಿಂದ 1893ರವರೆಗೆ ಮಹಾದಂಡನಾಯಕನಾಗಿದ್ದ ರಾಬರ್ಟ್ಸ್ ಇದರ ದೊಡ್ಡ ಪ್ರತಿಪಾದಕ. 1933ರಲ್ಲಿ ಮ್ಯಾಕ್‌ಮನ್ ಎಂಬ ಸೇನಾಪತಿ ಹಿಂದೂಸ್ಥಾನದ ಯೋಧ ಕುಲಗಳೆಂಬ ವಿಷಯದ ಮೇಲೆಯೇ ಒಂದು ಗ್ರಂಥ ಬರೆದ. ಯಾವ ಕುಲದವನ ಎದೆ ಎಷ್ಟು ಅಗಲ, ಯಾರು ಹೇಳಿದಂತೆ ಕೇಳುವವರು ಎಂದು ತಿಳಿಸುವ ಕೈಪಿಡಿಗಳು ಸೈನ್ಯಭರ್ತಿಯ ಅಧಿಕಾರಿಗಳ ಬಳಿ ಇದ್ದವು. ವಿಚಿತ್ರವೇನೆಂದರೆ, ದಂಗೆಗೆ ಮುಂಚೆ ಕಂಪನಿಯ ಸೈನ್ಯದ ಬೆನ್ನೆಲುಬಾಗಿದ್ದ ಅವಧದ ಸಿಪಾಯಿಗಳು ದಂಗೆಯಾದ ಮೇಲೆ ಬೇಡವಾದರು. ದಂಗೆಯನ್ನಡಗಿಸಲು ನೆರವಾದ ಸಿಖ್ಖರೂ ಗೂರ್ಖರೂ ಹುಟ್ಟಾ ವೀರರಾದರು. ಕ್ಲೈವನೊಡನೆ ಆರ್ಕಾಟಿನಲ್ಲಿ ಕಾದಿದ ಮದರಾಸಿನ ಸಿಪಾಯಿಯ ವಂಶಜ ರಾಬರ್ಟ್ಸನ ಕಾಲಕ್ಕೆ ಯುದ್ಧಕ್ಕೆ ಬಾರದವನಾದ. ರಕ್ತ ನಾಲ್ಕಾರು ತಲೆಮಾರುಗಳಲ್ಲಿ ಹೀಗೆ ಬದಲಾಯಿಸೀತೆ? ಅಧಿಕಾರಿಗಳು ಅಂಕ ಹಾಕಿದ್ದು ನಿಷ್ಠೆಗೆ. ಬರೆದುಕೊಂಡದ್ದು ರಕ್ತದ ಖಾತೆಗೆ.

ಕೊಡಗಿನಲ್ಲಿಯೂ ನಡೆದದ್ದು ಇದೇ. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ಕೈಸೇರಿತು. 1837ರ ಅಮರ ಸುಳ್ಯದ ಬಂಡಾಯವನ್ನು ಅಡಗಿಸಲು ನೆರವಾದವರಿಗೆ ಕಂಪನಿ ಚಿನ್ನ ಬೆಳ್ಳಿಯ ಪದಕಗಳನ್ನು ಕೊಟ್ಟಿತು. ದಂಗೆಯಾದ ಮೇಲೆ ದೇಶದ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯ್ದೆ ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗರನ್ನು ಅದರಿಂದ ಬಿಟ್ಟ. ಆ ವಿನಾಯತಿ ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಾಲಕ್ಕೂ ಉಳಿದು ಬಂದಿತು. ಕೇಂದ್ರ ಸರ್ಕಾರ 2019ರ ಅಕ್ಟೋಬರ್ 29ರಂದು ಹೊರಡಿಸಿದ ಅಧಿಸೂಚನೆ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಇದನ್ನು ಪ್ರಶ್ನಿಸಿದ ಅರ್ಜಿಯೊಂದನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿ, ಕೊಡವರು ಯೋಧ ಸಮುದಾಯ, ಸ್ವಾತಂತ್ರ್ಯಕ್ಕೆ ಹಿಂದಿನಿಂದಲೂ ಈ ಸೌಲಭ್ಯ ಅನುಭವಿಸುತ್ತ ಬಂದವರು ಎಂಬ ಕಾರಣ ಕೊಟ್ಟಿತು.

ಆ ವಿನಾಯತಿ ಯಾರಿಗೆ ಎಂಬ ಮಾತನ್ನು ದಯವಿಟ್ಟು ನಿಧಾನವಾಗಿ ಓದಿಕೊಳ್ಳಬೇಕು. ಒಂದು, ಕೊಡಗು ಕುಲದ ಪ್ರತಿಯೊಬ್ಬ ವ್ಯಕ್ತಿಗೆ. ಎರಡು, ಕೊಡಗಿನ ಪ್ರತಿಯೊಬ್ಬ ಜಮ್ಮಾ ಹಿಡುವಳಿದಾರನಿಗೆ. ಜಮ್ಮಾ ಎಂದರೆ ರಾಜರ ಕಾಲದಲ್ಲಿ ಕರೆದಾಗ ಆಯುಧ ಹಿಡಿದು ಬರಬೇಕೆಂಬ ಕರಾರಿನ ಮೇಲೆ ಕೊಟ್ಟ ವಂಶಪಾರಂಪರ್ಯದ ಭೂಮಿ. ಕಂದಾಯದಲ್ಲಿ ಅದಕ್ಕೆ ರಿಯಾಯತಿಯಿತ್ತು. ಕೊಡವರಲ್ಲದೆ ಗೌಡರು ಮೊದಲಾದ ಬೇರೆಯವರಲ್ಲಿಯೂ ಜಮ್ಮಾ ಹಿಡುವಳಿ ಇದೆ. ಅಂದರೆ ಒಂದೇ ವಾಕ್ಯದಲ್ಲಿ ಎರಡು ಬಗೆಯ ಬೋನಸುಗಳು ಪಕ್ಕಪಕ್ಕದಲ್ಲಿ ಕುಳಿತಿವೆ. ಒಂದು ನೀನು ಯಾರಿಗೆ ಹುಟ್ಟಿದೆ ಎಂಬುದಕ್ಕೆ. ಇನ್ನೊಂದು ನಿನ್ನ ಮನೆತನ ಯಾವ ಕರಾರಿನ ಮೇಲೆ ಯಾವ ನೆಲವನ್ನು ಹಿಡಿದಿದೆ ಎಂಬುದಕ್ಕೆ. ಅಮೆರಿಕದ ಆಟಗಾರರು ಐವತ್ತು ವರ್ಷ ಆಡಿ ತಲುಪಿದ ವಾದ ನಮ್ಮ ಜಿಲ್ಲೆಯ ಒಂದು ವಾಕ್ಯದಲ್ಲಿ ಮೊದಲಿನಿಂದ ಅಡಗಿತ್ತು.

ಕೊಡವ ಮಿತ್ರರು ನನ್ನ ಮಾತನ್ನು ತಪ್ಪು ತಿಳಿಯಬಾರದು. ಕೈಲ್‌ಪೊಳ್ದ್ ದಿನ ಆಯುಧಕ್ಕೆ ಹೂವಿಟ್ಟು ಪೂಜಿಸುವುದನ್ನೂ, ಪುತ್ತರಿಯ ಕದಿರು ಕೊಯ್ಯುವಾಗ ಕೋವಿ ಹಾರಿಸುವುದನ್ನೂ ಕಂಡು ನಾನು ಸಂತೋಷಪಟ್ಟಿದ್ದೇನೆ. ಆ ಜನರಲ್ಲಿ ಶೌರ್ಯವಿಲ್ಲವೆಂದು ಹೇಳುವವನು ಮೂರ್ಖ. ನನ್ನ ಪ್ರಶ್ನೆ, ಆ ಶೌರ್ಯ ಎಲ್ಲಿಂದ ಬಂದಿತೆಂಬುದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಹುಟ್ಟಿದ್ದು ನಮ್ಮ ನೆರೆಯ ಶನಿವಾರಸಂತೆಯಲ್ಲಿ, 1899ರಲ್ಲಿ. ಅವರು ಮಡಿಕೇರಿಯ ಶಾಲೆಯಲ್ಲಿ ಓದಿ, ಮದರಾಸಿನಲ್ಲಿ ಕಾಲೇಜು ಸೇರಿ, ಇಂದೂರಿನ ಕೆಡೆಟ್ ಕಾಲೇಜಿನಲ್ಲಿ ತರಬೇತಿ ಪಡೆದು, ಮೂವತ್ತು ವರ್ಷ ದುಡಿದು 1949ರ ಜನವರಿ 15ರಂದು ಭಾರತದ ಪ್ರಥಮ ಭಾರತೀಯ ಮಹಾದಂಡನಾಯಕರಾದರು. ಈ ಮೂವತ್ತು ವರ್ಷವನ್ನು ಅಳಿಸಿ "ಅದು ಅವರ ರಕ್ತದಲ್ಲೇ ಇತ್ತು" ಎಂದರೆ ಹೊಗಳಿದಂತಾಯಿತೋ, ಅವರ ದುಡಿಮೆಯನ್ನು ಕದ್ದಂತಾಯಿತೋ? ಕೊಡಗರದೇ ಹೆಸರಿನ 71ನೆಯ ಕೂರ್ಗ್ ರೈಫಲ್ಸ್ ಎಂಬ ಪಡೆಯನ್ನು ಬ್ರಿಟಿಷರು ಕಟ್ಟಿ ಎರಡು ವರ್ಷವೂ ನಡೆಸದೆ 1904ರಲ್ಲಿ ವಿಸರ್ಜಿಸಿದರು. ರಕ್ತವೇ ಎಲ್ಲವನ್ನೂ ಮಾಡುವುದಾಗಿದ್ದರೆ ಆಗಲೂ ಅದೇ ರಕ್ತವಿತ್ತಲ್ಲ.

ಅಷ್ಟೇ ಅಲ್ಲ. ಯೋಧ ಕುಲವೆನಿಸಿಕೊಂಡವರಲ್ಲಿ ಹುಟ್ಟಿದ ಇದೇ ಕಾರ್ಯಪ್ಪನವರು 1949ರಲ್ಲಿಯೇ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಎಂಬ ಹೊಸ ಪಡೆಯನ್ನು ಕಟ್ಟಿಸಿದರು. ಕುಲ ಪ್ರಾಂತಗಳ ಭೇದವಿಲ್ಲದೆ ದೇಶದ ಯಾವ ಮೂಲೆಯವನಾದರೂ ಅದಕ್ಕೆ ಸೇರಬಹುದಾಗಿತ್ತು. ಕಾಲಾಳು ಪಡೆಯಲ್ಲಿ ಅಂಥದು ಅದೇ ಮೊದಲು. ಸಿಖ್, ಜಾಟ್, ಡೋಗ್ರಾ ಎಂಬ ಹೆಸರಿನ ರೆಜಿಮೆಂಟುಗಳು ಇಂದಿಗೂ ಇವೆ. ಆದರೆ ಅವುಗಳ ಪಕ್ಕದಲ್ಲಿ ಗಾರ್ಡ್ಸ್ ಕೂಡ ಇದ್ದೇ ಇದೆ, ಯಾರಿಗೂ ಕಡಿಮೆಯಿಲ್ಲದೆ ಕಾದಿದೆ.

ಹಾಕಿಯ ಮಾತೂ ಇಂಥದೇ. "ಹಾಕಿ ಕೊಡವರ ರಕ್ತದಲ್ಲಿದೆ" ಎಂಬುದನ್ನು ಎಷ್ಟು ಸಲ ಕೇಳಿಲ್ಲ! 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕುಟುಂಬಗಳ ನಡುವಿನ ಹಾಕಿ ಪಂದ್ಯವನ್ನು ಆರಂಭಿಸಿದಾಗ ಬಂದದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲಿನಲ್ಲಿ 360. ಮೈದಾನ ಮಾಡಿ, ಮಕ್ಕಳ ಕೈಗೆ ಕೋಲು ಕೊಟ್ಟು, ಅಜ್ಜಿಯರೂ ಬಂದು ನೋಡುವಂತೆ ಮಾಡಿದ ಊರಿನಲ್ಲಿ ಆಟಗಾರರು ಹುಟ್ಟದೆ ಇನ್ನೆಲ್ಲಿ ಹುಟ್ಟಬೇಕು? ಮತ್ತೆ, ನಮ್ಮ ಸೋಮವಾರಪೇಟೆಯ ಎಸ್. ವಿ. ಸುನಿಲ್ ಹುಟ್ಟಿನಿಂದ ಕೊಡವರಲ್ಲ; 2012ರಲ್ಲಿ ಲಂಡನ್, 2016ರಲ್ಲಿ ರಿಯೋ ಒಲಿಂಪಿಕ್ಸುಗಳಲ್ಲಿ ಭಾರತದ ಪರವಾಗಿ ಆಡಿದರು. ಅವರ ಓಟವನ್ನು ಹಿಡಿಯಲು ಓಡಿದ ವಿದೇಶೀಯರು ಅವರ ಕುಲವನ್ನು ವಿಚಾರಿಸಿರಲಾರರು. ಕೊಡಗಿನ ನೆಲದಲ್ಲಿರುವುದು ಅಭ್ಯಾಸ. ಅದು ಸೇರಿದವರಿಗೆಲ್ಲ ಸೇರುತ್ತದೆ.

ಹೆಚ್ಚುವರಿ ಅಂಕ ಹೋಗಲಿ, ಹುಟ್ಟಿಗೇ ಅಂಕ ಕಳೆದ ಕಥೆಯೂ ನಮ್ಮಲ್ಲಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಜನರನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಸೇರಿಸಿತು. ಅದು ರದ್ದಾದುದು 1952ರಲ್ಲಿ. ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಹಾಕಿದ್ದ ಜಾಗಕ್ಕೆ ಸೆಟ್ಲಮೆಂಟ್ ಎಂಬ ಹೆಸರು ಈಗಲೂ ಉಳಿದಿದೆ. ಓರ್ಕನ ಬುದ್ಧಿಗೆ ಎರಡು ಕಳೆಯುವುದನ್ನು ಆಟವೆಂದು ನಕ್ಕು ಬಿಡಲು ನನ್ನಿಂದಾಗದಿರುವುದು ಇಂಥ ಕಾರಣಕ್ಕೆ.

ಇನ್ನು ಆಟದವರು ಏನು ಮಾಡಿದರೆಂಬುದನ್ನು ನೋಡೋಣ. 2020ರಲ್ಲಿ ಬಂದ ಒಂದು ಪುಸ್ತಕದಲ್ಲಿ, ಯಾವ ಕುಲದವನಾದರೂ ತನ್ನ ಬೋನಸ್ಸನ್ನು ಬೇಕಾದ ಗುಣಕ್ಕೆ ಹಾಕಿಕೊಳ್ಳಬಹುದೆಂದು ಅನುಮತಿ ಕೊಟ್ಟರು. ಇದನ್ನು ಕೇಳಿದೊಡನೆ ನನ್ನ ಅರ್ಧ ಓರ್ಕ ಪಂಡಿತನಿಗೆ ಬಿಡುಗಡೆಯಾಯಿತೆಂದು ಹಿಗ್ಗಿದೆ. ಆದರೆ ಹಳೆಯ ನಿಯಮವನ್ನು ಸಮರ್ಥಿಸುವ ಗೆಳೆಯನ ವಾದವನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. "ಎಲ್ಲರೂ ಎಲ್ಲವನ್ನೂ ಹಾಕಿಕೊಳ್ಳಬಹುದಾದರೆ ಎಲ್ಫನಿಗೂ ಓರ್ಕನಿಗೂ ಬಟ್ಟೆಯ ವ್ಯತ್ಯಾಸವಷ್ಟೇ ಉಳಿಯಿತಲ್ಲ. ಆನೆಗೂ ಅಳಿಲಿಗೂ ಒಂದೇ ಬಲವೆ?" ಎಂದು ಅವನು ಕೇಳುತ್ತಾನೆ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ರೆಕ್ಕೆಯಿರುವ ಜನ ಹಾರಲಿ, ಗವಿಯ ಜನ ಕತ್ತಲಲ್ಲಿ ಕಾಣಲಿ. ಅದು ದೇಹದ ಮಾತು, ಆ ಭೇದಗಳು ಕಥೆಗೆ ರುಚಿ. ಆದರೆ ಬುದ್ಧಿ, ವಿವೇಕ, ವರ್ಚಸ್ಸುಗಳನ್ನು ಮೂಳೆಯ ಅಳತೆಯಂತೆ ಕುಲಕ್ಕೆ ಕಟ್ಟುವುದನ್ನು ಆನೆ ಅಳಿಲುಗಳ ದೃಷ್ಟಾಂತ ಸಮರ್ಥಿಸಲಾರದು. ಆನೆಯಲ್ಲಿ ಪಂಡಿತರ ವಂಶ, ಪಾಮರರ ವಂಶ ಎಂದಿಲ್ಲ.

ನನಗೆ 2020ರ ನಿಯಮದಲ್ಲಿ ಕಂಡ ಕೊರತೆ ಬೇರೆ. ಅದು ಅಂಕವನ್ನು ಎಲ್ಲಿಗೆ ಬೇಕಾದರೂ ಹಾಕು ಎನ್ನುತ್ತದೆ; ಅಂಕ ಎಲ್ಲಿಂದ ಬಂದಿತೆಂದು ಕೇಳುವುದಿಲ್ಲ. ನನ್ನ ಓರ್ಕ ಯಾರ ಬಳಿ ಓದಿದ? ದೀಪದ ಎಣ್ಣೆಗೆ ಯಾರು ಹಣ ಕೊಟ್ಟರು? ಮನೆಯವರು ಬೈದರೆ? ಇವು ಯಾವುವೂ ಬೇಡವಾದರೆ ಓದಿದ ಓರ್ಕನಿಗೂ ಓದಿದ ನೋಮನಿಗೂ ವ್ಯತ್ಯಾಸವಿಲ್ಲವೆಂಬುದು ನಿಜವೇ. ಭೇದವನ್ನು ಅಳಿಸಿದರೆ ಅನ್ಯಾಯ ಅಳಿಯಿತೆಂದು ತಿಳಿಯುವುದು ಸುಲಭದ ದಾರಿ.

2024ರ ಹೊಸ ಪುಸ್ತಕದಲ್ಲಿ ಈ ಪ್ರಶ್ನೆಗೆ ಉತ್ತರವಿದೆಯೆಂದು ಗೆಳೆಯರು ಹೇಳಿದರು. ಅದರಲ್ಲಿ ಕುಲ ಎಂಬ ಪದವನ್ನೇ ತೆಗೆದು ಜೀವಜಾತಿ ಎಂಬರ್ಥದ ಪದವನ್ನಿಟ್ಟಿದ್ದಾರೆ, ಬೋನಸ್ಸನ್ನು ಅದರಿಂದ ಬಿಡಿಸಿ ಪಾತ್ರದ ಹಿನ್ನೆಲೆಗೆ ಕಟ್ಟಿದ್ದಾರೆ. ಅಂದರೆ ಪಾತ್ರ ಈ ಮೊದಲು ಏನು ಮಾಡಿಕೊಂಡಿತ್ತು ಎಂಬುದಕ್ಕೆ. ಸಿಪಾಯಿ, ನಾವಿಕ, ವ್ಯಾಪಾರಿ, ಲಿಪಿಕಾರ, ಪಂಡಿತ, ಸರದಾರ, ರೈತ, ಹೀಗೆ 16 ಹಿನ್ನೆಲೆಗಳು. ಒಂದೊಂದಕ್ಕೂ ಮೂರು ಮೂರು ಗುಣಗಳು. ದುಡಿಮೆಗೆ ಅಂಕ, ಅಭ್ಯಾಸಕ್ಕೆ ಅಂಕ: ಇದೇ ತಾನೆ ನಾನು ಕೇಳಿದ್ದು ಎಂದು ಪಟ್ಟಿಯನ್ನು ಓದತೊಡಗಿದೆ. ಲಿಪಿಕಾರನಿಗೆ ಚುರುಕು, ಬುದ್ಧಿ, ವಿವೇಕ. ಸರದಾರನಿಗೆ ಬಲ, ಬುದ್ಧಿ, ವರ್ಚಸ್ಸು. ರೈತನಿಗೆ ಬಲ, ತಾಳಿಕೆ, ವಿವೇಕ.

ರೈತನಿಗೆ ಬುದ್ಧಿ ಇಲ್ಲ!

ವಿವೇಕ ಕೊಟ್ಟಿದ್ದಾರಲ್ಲ ಎಂದು ಸಮಾಧಾನ ಹೇಳಿದರು. ನಮ್ಮನ್ನು ಹೀಗೆ ಹೊಗಳುವುದು ಹೊಸತಲ್ಲ. "ಹಳ್ಳಿಯವರು ಓದದಿದ್ದರೂ ಲೋಕ ತಿಳಿದವರು" ಎಂದು ಭಾಷಣಕಾರರು ಹೇಳಿ ಹೋಗುತ್ತಾರೆ, ಓದಿಸುವ ಮಾತೆತ್ತುವುದಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅಪ್ಪನಿಗೆ ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ. ಅಮ್ಮನಿಗೆ ಅಕ್ಷರ ಬಾರದು. ಆದರೆ ಶುಂಠಿ ಕಿತ್ತ ದಿನ, 60 ಕಿಲೋದ ಚೀಲಕ್ಕೆ ಇಷ್ಟೆಂದು ಧಾರಣೆ ಹಿಡಿದು, ಕೂಲಿ ಕಳೆದು, ಗೊಬ್ಬರದ ಅಂಗಡಿಯ ಬಾಕಿ ಕಳೆದು, ಗುತ್ತಿಗೆಯ ಹಣ ಕಳೆದು ಉಳಿಯುವುದೆಷ್ಟೆಂದು ವ್ಯಾಪಾರಿ ಮೊಬೈಲು ತೆಗೆಯುವುದರೊಳಗೆ ಬಾಯಿಲೆಕ್ಕದಲ್ಲಿ ಹೇಳುತ್ತಾಳೆ. ಇದಕ್ಕೆ ವಿವೇಕವೆಂದು ಹೆಸರಿಡಬೇಕೆ? ನಾನು ಹತ್ತನೆಯ ತರಗತಿಯಲ್ಲಿದ್ದಾಗ ಬಲ್ಲವರೆನಿಸಿಕೊಂಡ ಒಬ್ಬರು, "ನಿಮ್ಮ ಮನೆತನಕ್ಕೆ ಓದು ಹತ್ತುವುದಿಲ್ಲ, ಬೇಗ ಗದ್ದೆಗೆ ಇಳಿಸಿ," ಎಂದು ಅಪ್ಪನಿಗೆ ಬುದ್ಧಿ ಹೇಳಿದ್ದರು. ಅಪ್ಪ ತಲೆಯಾಡಿಸಿ ಬಂದು, ಮರುದಿನ ನನ್ನ ಪರೀಕ್ಷೆಯ ಹಣ ಕಟ್ಟಿದರು.

ಅಮೆರಿಕದ ಓದುಗನಿಗೆ ಕುಲದಿಂದ ಕಸುಬಿಗೆ ಹೋಗುವುದು ದೊಡ್ಡ ನೆಗೆತವಾಗಿ ಕಂಡಿರಬಹುದು. ಭಾರತದಲ್ಲಿ ಕುಳಿತು ಓದುವವನಿಗೆ ಅದು ಒಂದೇ ಕೋಣೆಯ ಎರಡನೆಯ ಬಾಗಿಲು. ಕುಂಬಾರ, ಕಮ್ಮಾರ, ಅಗಸ ಎಂಬವು ನಮ್ಮಲ್ಲಿ ಕಸುಬುಗಳೋ ಕುಲಗಳೋ? ಹಿನ್ನೆಲೆ ಎಂಬುದನ್ನು ಯಾರೂ ಸಂತೆಯಲ್ಲಿ ಆರಿಸಿಕೊಂಡು ಬರುವುದಿಲ್ಲ. ಆಟ ನಡೆಸುವವನು ಒಪ್ಪಿದರೆ ಹೊಸ ಹಿನ್ನೆಲೆಯನ್ನು ರಚಿಸಿಕೊಳ್ಳಬಹುದೆಂದು ಅದೇ ವರ್ಷದ ಇನ್ನೊಂದು ಪುಸ್ತಕದಲ್ಲಿ ಅವಕಾಶವಿದೆ, ನಿಜ. ಒಪ್ಪಿದರೆ ಎಂಬ ಆ ಒಂದು ಮಾತಿನ ಭಾರ ಮೊದಲ ತಲೆಮಾರಿನ ವಿದ್ಯಾರ್ಥಿಗಳಿಗೆ ಗೊತ್ತು.

ನಮ್ಮ ಪುರಾಣಗಳೂ ಈ ವಿಷಯದಲ್ಲಿ ಜಾಣತನ ತೋರಿವೆ. ರಂಗದಲ್ಲಿ ಕೃಪಾಚಾರ್ಯನು ಕರ್ಣನ ಕುಲವನ್ನು ಕೇಳಿದಾಗ ನಮಗೆಲ್ಲ ಸಿಟ್ಟು ಬರುತ್ತದೆ. ಆದರೆ ಕಥೆ ತಾನೇ ಏನು ಹೇಳುತ್ತಿದೆ? ಕರ್ಣ ಸೂತನ ಮಗನಲ್ಲ, ಸೂರ್ಯನ ಮಗ, ಆದುದರಿಂದಲೇ ಬಿಲ್ಗಾರ! ಹೋಗಲಿ, ಏಕಲವ್ಯನಾದರೂ ಕಾಡಿನವನೆಂದುಕೊಂಡರೆ, ಹರಿವಂಶ ಅವನನ್ನೂ ವಸುದೇವನ ತಮ್ಮನ ಮಗ, ನಿಷಾದರಲ್ಲಿ ಬೆಳೆದವನು ಎಂದುಬಿಡುತ್ತದೆ. ಹೆಬ್ಬೆರಳನ್ನು ತೆಗೆದುಕೊಂಡದ್ದು ಸಾಲದೆಂದು ಅಭ್ಯಾಸದ ಕೀರ್ತಿಯನ್ನೂ ತೆಗೆದುಕೊಂಡರು.

ಇಷ್ಟನ್ನು ಓದಿದವರು ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: ಹಾಗಾದರೆ ಮೀಸಲಾತಿ? ಅದೂ ಹುಟ್ಟಿನ ಬೋನಸಲ್ಲವೆ? ಚರ್ಚಾಕೂಟದಲ್ಲಿ ಇದಕ್ಕೆ ಚಪ್ಪಾಳೆ ಬೀಳುವುದನ್ನು ಕಂಡಿದ್ದೇನೆ. ನನ್ನ ಉತ್ತರ ಚಿಕ್ಕದು. ಎಲ್ಫನ ಬೋನಸ್, ಇವನು ಹುಟ್ಟಿನಿಂದ ಚುರುಕು ಎನ್ನುತ್ತದೆ. ಮೀಸಲಾತಿ ಯಾರ ಸಾಮರ್ಥ್ಯದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಇವನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು ಎನ್ನುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದುದು ಯಾವ ಜಾತಿಗೆ ಬುದ್ಧಿ ಹೆಚ್ಚೆಂದು ಅಳೆಯಲು ಅಲ್ಲ. ಸರ್ಕಾರಿ ನೌಕರಿಗಳೆಲ್ಲ ಒಂದೇ ಕೈಯಲ್ಲೇಕೆ ಇವೆಯೆಂದು ನೋಡಲು. ಇಂಜಿನಿಯರಿಂಗ್ ಮುಂತಾದ ಪ್ರವೇಶಗಳಲ್ಲಿ ಗ್ರಾಮೀಣ ಶಾಲೆಗಳಲ್ಲಿ ಹತ್ತು ವರ್ಷ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಸ್ಥಾನಗಳಿರುವುದೂ ಇದೇ ಬಗೆಯದು. ಆ ಹತ್ತು ವರ್ಷವನ್ನು ನಡೆದವನಿಗೆ ಅದು ಬೋನಸ್ ಎನ್ನಿಸುವುದಿಲ್ಲ, ಹಿಂದಿನ ಬಾಕಿ ಎನ್ನಿಸುತ್ತದೆ.

ಹಾಗಾದರೆ ಆಟದಲ್ಲಿ ಏನು ಮಾಡಬೇಕು? ಕುಲಕ್ಕೆ ದೇಹದ ವಿಶೇಷಗಳು ಇರಲಿ, ಅಂಕಗಳು ಬೇಡ. ಕಸುಬಿನ ಪಟ್ಟಿಗೂ ಕಟ್ಟುವುದು ಬೇಡ. ಆಟಗಾರನು ಅಂಕವನ್ನು ಬೇಕಾದಲ್ಲಿಗೆ ಹಾಕಿಕೊಳ್ಳಲಿ. ಆದರೆ ಹಾಕಿಕೊಂಡ ಒಂದೊಂದು ಅಂಕಕ್ಕೂ ಅದು ಹೇಗೆ ಬಂದಿತೆಂದು ಮೇಜಿನ ಮುಂದೆ ಒಂದು ಕಥೆ ಹೇಳಲಿ. ಕಲಿಸಿದವರಾರು, ತಡೆದವರಾರು, ಅದಕ್ಕೆ ಏನನ್ನು ಬಿಟ್ಟುಕೊಟ್ಟ. ತಿಂಗಳಿಂದ ನಾವು ಐವರು ಹೀಗೆಯೇ ಆಡುತ್ತಿದ್ದೇವೆ. ಹಳೆಯ ನಿಯಮದ ಗೆಳೆಯ ಮೊದಲು ಗೊಣಗಿದ. ಈಗ ಅವನ ಡ್ವಾರ್ಫ್ ಕೊಳಲು ಬಾರಿಸಲು ಕಲಿತದ್ದನ್ನು ಹೇಳತೊಡಗಿದರೆ ರಾತ್ರಿಯ ಊಟದ ಗಂಟೆ ಹೊಡೆದರೂ ಮುಗಿಯುವುದಿಲ್ಲ.

ಶಾಸನದ ವಿಷಯದಲ್ಲಿ ಐದು ಮಂದಿಯ ಒಪ್ಪಿಗೆ ಸಾಲದು. ನಮ್ಮ ಕಡೆ ಗದ್ದೆಗೆ ಕಾಡುಹಂದಿ ಇಳಿಯುವಾಗ ಇದು ಜಮ್ಮಾವೋ ಸಾಗುವಳಿಯೋ, ಒಡೆಯನ ಕುಲ ಯಾವುದು ಎಂದು ವಿಚಾರಿಸುವುದಿಲ್ಲ. ಕೋವಿಯ ಲೈಸೆನ್ಸಿಗೆ ಅರ್ಜಿ ಬರೆಯಬೇಕಾದವನು ಮಾತ್ರ ವಿಚಾರಿಸಿಕೊಳ್ಳಬೇಕು. ಯಾರ ಮನೆಯ ಕೋವಿಯನ್ನೂ ಕಿತ್ತುಕೊಳ್ಳಿರೆಂದು ನಾನು ಬರೆಯುತ್ತಿಲ್ಲ. ಹಬ್ಬಕ್ಕೆ, ಹರಕೆಗೆ, ಸಾವಿಗೆ ಕೋವಿ ಬೇಕಾದ ಸಂಪ್ರದಾಯ ಒಂದು ಕಾರಣ. ಆಯುಧ ಹಿಡಿದು ದುಡಿದು ಪಡೆದ ಹಿಡುವಳಿ ಇನ್ನೊಂದು ಕಾರಣ. ಇವೆರಡನ್ನೂ ಕಾರಣವೆಂದು ಬರೆಯಬಹುದು, ಅವುಗಳ ಮೇಲೆ ವಾದಿಸಬಹುದು. ಕುಲ ಎಂಬುದು ಕಾರಣವಲ್ಲ; ಅದು ಕಾರಣ ಕೇಳಬೇಡ ಎನ್ನುವ ಮಾತು. 2029ರ ಅಕ್ಟೋಬರ್ 31ಕ್ಕೆ ಅಧಿಸೂಚನೆಯ ಅವಧಿ ತೀರುತ್ತದೆ. ಅದಕ್ಕೆ ಮುಂಚೆ ದೆಹಲಿಯ ಯಾವುದೋ ಕಚೇರಿಯಲ್ಲಿ ಯಾರೋ ಒಬ್ಬರು ಆ ವಾಕ್ಯವನ್ನು ಎದುರಿಗಿಟ್ಟುಕೊಂಡು ಕೂರಬೇಕಾಗುತ್ತದೆ. ಆ ವೇಳೆಗೆ ಈ ಕಾಲೇಜಿನಿಂದ ಹೊರಟ ನಮ್ಮಲ್ಲೊಬ್ಬರು ಆ ಕಚೇರಿಯಲ್ಲಿದ್ದರೆ, ಮೊದಲನೆಯ ಪದದ ಮುಂದೆ ಪೆನ್ನನ್ನು ಸ್ವಲ್ಪ ಹೊತ್ತು ಹಿಡಿದು ನಿಲ್ಲಲೆಂದು ಕೇಳುತ್ತೇನೆ.